ಪ್ರಮಾಣ ಮತ್ತು ಪ್ರಾಮಾಣ್ಯ: ಹಳೆಯ ವಿಮಾನ ಮಾದರಿಯೊಂದಕ್ಕೆ ಸೂಕ್ಷ್ಮರೂಪ ಕೊಡುವ ಬಗೆ

ಕಡೂರು ತಾಲ್ಲೂಕಿನ ದೇವನೂರು ಎಂದೊಡನೆ ಕನ್ನಡ ಬಲ್ಲವರಿಗೆ ಜೈಮಿನಿ ಭಾರತದ ಲಕ್ಷ್ಮೀಶ ಕವಿಯ ನೆನಪಾಗುವುದು ಸಹಜ. ಊರಿನ ಲಕ್ಷ್ಮೀರಮಣನನ್ನು ನೆನೆದು ವಾರ್ಧಕ ಷಟ್ಪದಿಯಲ್ಲಿ ಕಾವ್ಯ ರಚಿಸಿದ ಈ ಕವಿಗೆ ‘ಉಪಮಾಲೋಲ’ನೆಂಬ ಬಿರುದು ಸಂದಿದೆ. ಪ್ರೌಢಶಾಲೆಯ ವ್ಯಾಕರಣ ಪಾಠದಲ್ಲಿ ಉಪಮಾಲಂಕಾರಕ್ಕೆ ನಾಲ್ಕು ಅಂಗಗಳನ್ನು ಹೇಳಿಕೊಡುತ್ತಾರೆ: ಉಪಮೇಯ, ಉಪಮಾನ, ಉಪಮಾವಾಚಕ ಮತ್ತು ಸಮಾನಧರ್ಮ. ‘ಕೆರೆಯ ನೀರು ಕನ್ನಡಿಯಂತೆ ಹೊಳೆಯುತ್ತದೆ’ ಎಂದಾಗ ನೀರು ಉಪಮೇಯ, ಕನ್ನಡಿ ಉಪಮಾನ, ‘ಅಂತೆ’ ಎಂಬುದು ವಾಚಕ, ಹೊಳಪು ಸಮಾನಧರ್ಮ. ಕನ್ನಡಿಯ ಗಡಸುತನವನ್ನಾಗಲಿ ನೀರಿನ ತಂಪನ್ನಾಗಲಿ ಈ ವಾಕ್ಯ ಎತ್ತಿ ಹೇಳುವುದಿಲ್ಲ. ಯಾವ ಧರ್ಮದಲ್ಲಿ ಸಾಮ್ಯವುಂಟೋ ಅದರಲ್ಲಿ ಮಾತ್ರ ಉಪಮೆ ಸತ್ಯವಾಗಿದ್ದರೆ ಸಾಕು. ಆದರೆ ಅದರಲ್ಲಿ ಅದು ಸತ್ಯವಾಗಿರಲೇಬೇಕು.

ವಸ್ತುವಿನ ಮಾದರಿಯನ್ನು ಮಾಡುವ ಕೆಲಸವೂ ಇದೇ ನಿಯಮಕ್ಕೆ ಒಳಪಟ್ಟದ್ದು. ಮೇಜಿನ ಮೇಲೆ ನಿಲ್ಲಿಸಿದ ಪ್ಲಾಸ್ಟಿಕ್ ವಿಮಾನ ಹಾರುವುದಿಲ್ಲ, ಗರ್ಜಿಸುವುದಿಲ್ಲ, ಯಾರನ್ನೂ ಹೊತ್ತೊಯ್ಯುವುದಿಲ್ಲ. ಅದು ನಿಜವಾದ ವಿಮಾನದೊಡನೆ ಹಂಚಿಕೊಳ್ಳುವ ಸಮಾನಧರ್ಮ ಆಕಾರವೊಂದೇ. ಆ ಆಕಾರ ಎಷ್ಟರ ಮಟ್ಟಿಗೆ ನಿಜ, ಎಲ್ಲಿ ತಪ್ಪಿದೆ, ತಪ್ಪಿದ್ದನ್ನು ಹೇಗೆ ತಿದ್ದಬೇಕು, ಸೂಕ್ಷ್ಮ ವಿವರಗಳನ್ನು ಎಲ್ಲಿಯವರೆಗೆ ಸೇರಿಸಬೇಕು, ಎಲ್ಲಿ ಕೈಯೆತ್ತಬೇಕು ಎಂಬುದೇ ಈ ಪಾಠದ ವಿಷಯ. ಮಕ್ಕಳ ಆಟಿಕೆಯೆಂದು ಬದಿಗಿಡುವ ವಸ್ತುವಿನಲ್ಲಿ ಗಣಿತ, ಇತಿಹಾಸ, ಹಸ್ತಕೌಶಲ, ಸತ್ಯನಿಷ್ಠೆ ನಾಲ್ಕೂ ಒಟ್ಟಿಗೆ ಕೂಡಿಬರುತ್ತವೆ ಎಂಬುದನ್ನು ಅಧ್ಯಾಪಕರು ಗಮನಿಸುವುದು ಒಳ್ಳೆಯದು.

ಎಪ್ಪತ್ತೆರಡರಲ್ಲಿ ಒಂದು

ವಿಮಾನ ಮಾದರಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಪ್ರಮಾಣ ೧:೭೨. ಈ ಸಂಖ್ಯೆಯ ಹಿಂದೆ ಸರಳವಾದ ಲೆಕ್ಕವಿದೆ. ಆರು ಅಡಿಗೆ ಎಪ್ಪತ್ತೆರಡು ಅಂಗುಲ. ಆದ್ದರಿಂದ ನಿಜವಾದ ವಿಮಾನದ ಆರು ಅಡಿ ಮಾದರಿಯಲ್ಲಿ ಒಂದು ಅಂಗುಲವಾಗುತ್ತದೆ. ಆರಡಿಯ ಆಳು ಅಂಗುಲದ ಬೊಂಬೆಯಾಗುತ್ತಾನೆ. ಇಂಗ್ಲೆಂಡಿನಲ್ಲಿ ೧೯೩೬ರಲ್ಲಿ ಮಾರಾಟಕ್ಕೆ ಬಂದ ‘ಫ್ರಾಗ್ ಪೆಂಗ್ವಿನ್’ ಎಂಬ ಪ್ಲಾಸ್ಟಿಕ್ ಜೋಡಣೆಯ ಮಾದರಿಗಳು ಇದೇ ಪ್ರಮಾಣದಲ್ಲಿದ್ದವು. ೧೯೫೩ರಲ್ಲಿ ಏರ್‌ಫಿಕ್ಸ್ ಸಂಸ್ಥೆ ಸ್ಪಿಟ್‌ಫೈರ್ ವಿಮಾನದ ಪುಟ್ಟ ಮಾದರಿಯನ್ನು ಹೊರತಂದ ಮೇಲೆ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಅಗ್ಗದ ಪೆಟ್ಟಿಗೆಗಳು ಜಗತ್ತಿನ ಅನೇಕ ದೇಶಗಳ ಬಾಲಕರ ಕೈ ಸೇರಿದವು.

ಮಾದರಿ ಕೇವಲ ವಿನೋದವಲ್ಲವೆಂಬುದಕ್ಕೆ ಒಂದು ದೃಷ್ಟಾಂತ ಶಾಲೆಗಳ ಇತಿಹಾಸದಲ್ಲಿಯೇ ಇದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೨ರಲ್ಲಿ, ಅಮೆರಿಕದ ನೌಕಾಪಡೆ ಐದು ಲಕ್ಷ ಮಾದರಿ ವಿಮಾನಗಳನ್ನು ಮಾಡಿಕೊಡಬೇಕೆಂದು ಆ ದೇಶದ ಶಾಲಾ ವಿದ್ಯಾರ್ಥಿಗಳನ್ನು ಕೇಳಿಕೊಂಡಿತು. ಮರದಲ್ಲಿ ಕೆತ್ತಿ ಮಾಡಬೇಕಾಗಿದ್ದ ಆ ಮಾದರಿಗಳ ಪ್ರಮಾಣವೂ ೧:೭೨ ಆಗಿತ್ತು. ಆಕಾಶದಲ್ಲಿ ಕಾಣುವ ವಿಮಾನ ತಮ್ಮದೋ ಶತ್ರುವಿನದೋ ಎಂದು ಗುರುತಿಸಲು ಸೈನಿಕರಿಗೆ ಕಲಿಸುವುದು ಅವುಗಳ ಉದ್ದೇಶ. ಸುಮಾರು ೩೫ ಅಡಿ ದೂರದಲ್ಲಿ ಹಿಡಿದ ಮಾದರಿ ಅರ್ಧ ಮೈಲಿ ದೂರದ ವಿಮಾನದಂತೆ ಕಾಣುತ್ತದೆ; ೩೫ನ್ನು ೭೨ರಿಂದ ಗುಣಿಸಿದರೆ ೨,೫೨೦ ಅಡಿ. ವಿದ್ಯಾರ್ಥಿಯ ಅರದ ಒಂದು ಎಳೆತ ತಪ್ಪಿದರೆ ರೆಕ್ಕೆಯ ಆಕಾರ ತಪ್ಪುತ್ತಿತ್ತು. ಆಕಾರ ತಪ್ಪಿದರೆ ಸೈನಿಕನ ಗುರುತು ತಪ್ಪುತ್ತಿತ್ತು.

ಕರ್ನಾಟಕದಲ್ಲಿಯೇ ಇದಕ್ಕಿಂತ ಹಿರಿದಾದ ದೃಷ್ಟಾಂತವುಂಟು. ೧೯೪೦ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನೊಡನೆ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆ ಮುಂದೆ, ೧೯೬೪ರಲ್ಲಿ, ಹಿಂದೂಸ್ಥಾನ್ ಏರೋನಾಟಿಕ್ಸ್ ಆಯಿತು. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಅಲ್ಲಿ ‘ಮಾರುತ’ವೆಂಬ ಜೆಟ್ ಯುದ್ಧವಿಮಾನದ ವಿನ್ಯಾಸ ನಡೆದಾಗ, ಎಂಜಿನ್ನಿಲ್ಲದ ಮರದ ಗ್ಲೈಡರೊಂದನ್ನು ಪೂರ್ಣಪ್ರಮಾಣದಲ್ಲಿ ನಿರ್ಮಿಸಿದರು. ಡಕೋಟಾ ವಿಮಾನಕ್ಕೆ ಕಟ್ಟಿ ಎಳೆದೊಯ್ದು ಆಕಾಶದಲ್ಲಿ ಬಿಟ್ಟು, ೧೯೫೯ರಿಂದ ಮೊದಲ್ಗೊಂಡು ೭೮ ಹಾರಾಟಗಳಲ್ಲಿ ಅದರ ನಡೆಯನ್ನು ಪರೀಕ್ಷಿಸಿದರು. ೧೯೬೧ರ ಜೂನ್ ೧೭ರಂದು ಸುರಂಜನ್ ದಾಸ್ ಅವರು ನಿಜವಾದ ಮಾರುತವನ್ನು ಮೊದಲ ಬಾರಿಗೆ ಹಾರಿಸುವ ಮುನ್ನ ಅದರ ಮರದ ಪ್ರತಿರೂಪ ಎಷ್ಟೋ ಸಂದೇಹಗಳಿಗೆ ಉತ್ತರ ಹೇಳಿತ್ತು. ಆ ಗ್ಲೈಡರಿಗೂ ವಿಮಾನಕ್ಕೂ ಇದ್ದ ಸಮಾನಧರ್ಮ ಗಾಳಿಯಲ್ಲಿ ನಡೆಯುವ ರೀತಿ. ಅಲ್ಲಿ ಬಣ್ಣ ಮುಖ್ಯವಲ್ಲ, ಬಾಗು ಮುಖ್ಯ. ಪ್ರದರ್ಶನದ ಮಾದರಿಯಲ್ಲಿ ಕಣ್ಣಿಗೆ ತೋರುವ ರೂಪ ಮುಖ್ಯ. ಆದ್ದರಿಂದ ವಿವರಗಳನ್ನು ಸೇರಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಈ ಮಾದರಿ ಯಾವ ವಿಷಯದಲ್ಲಿ ಸತ್ಯವಾಗಿರಬೇಕು?

ಹಳೆಯ ಪೆಟ್ಟಿಗೆಯೊಂದರ ಪರೀಕ್ಷೆ

ಪಾಠಕ್ಕೆ ಉದಾಹರಣೆಯಾಗಿ ‘ನ್ಯಾಟ್’ ವಿಮಾನವನ್ನು ತೆಗೆದುಕೊಳ್ಳಬಹುದು. ಪೆಟರ್ ಎಂಬ ವಿನ್ಯಾಸಕಾರ ಇಂಗ್ಲೆಂಡಿನ ಫೋಲಂಡ್ ಸಂಸ್ಥೆಯಲ್ಲಿ ರೂಪಿಸಿದ ಈ ಪುಟ್ಟ ಯುದ್ಧವಿಮಾನ ೧೯೫೫ರಲ್ಲಿ ಮೊದಲು ಹಾರಿತು. ೧೯೫೬ರ ಒಪ್ಪಂದದಂತೆ ಇದರ ತಯಾರಿಕೆ ಬೆಂಗಳೂರಿನಲ್ಲಿ ನಡೆಯಿತು. ೧೯೬೫ ಮತ್ತು ೧೯೭೧ರ ಯುದ್ಧಗಳಲ್ಲಿ ಭಾರತೀಯ ವಾಯುಪಡೆಯ ನ್ಯಾಟ್‌ಗಳು ಹೆಸರು ಪಡೆದವು. ೧೯೭೧ರ ಡಿಸೆಂಬರ್ ೧೪ರಂದು ಶ್ರೀನಗರದ ವಿಮಾನನೆಲೆಯ ಮೇಲೆ ಸೇಬರ್ ವಿಮಾನಗಳು ದಾಳಿ ನಡೆಸುತ್ತಿದ್ದಾಗಲೇ ನ್ಯಾಟ್ ಒಂದರಲ್ಲಿ ಮೇಲೇರಿ, ಏಕಾಂಗಿಯಾಗಿ ಕಾದಿ ಪ್ರಾಣಾರ್ಪಣೆ ಮಾಡಿದ ನಿರ್ಮಲ್ ಜಿತ್ ಸಿಂಗ್ ಸೆಖೋಂ ಅವರಿಗೆ ಮರಣೋತ್ತರವಾಗಿ ಪರಮವೀರ ಚಕ್ರ ಸಂದಿತು. ವಾಯುಪಡೆಯಲ್ಲಿ ಆ ಗೌರವಕ್ಕೆ ಪಾತ್ರರಾದವರು ಅವರೊಬ್ಬರೇ. ನ್ಯಾಟ್‌ನಿಂದಲೇ ಬೆಳೆಸಿದ ‘ಅಜೀತ್’ ಎಂಬ ವಿಮಾನ ೧೯೭೫ರಲ್ಲಿ ಮೊದಲ ಹಾರಾಟ ನಡೆಸಿ, ೧೯೯೧ರಲ್ಲಿ ಸೇವೆಯಿಂದ ನಿವೃತ್ತವಾಯಿತು.

ಇಂತಹ ವಿಮಾನದ ಮಾದರಿ ಶಾಲೆಯ ಕಪಾಟಿನಲ್ಲಿರಬೇಕೆಂಬ ಆಸೆ ಸಹಜವಾದದ್ದೇ. ಆದರೆ ಇಲ್ಲಿಯೇ ಒಂದು ತೊಡಕು ಕಾದಿದೆ. ೧೯೬೦ರ ದಶಕದಲ್ಲಿ ಏರ್‌ಫಿಕ್ಸ್ ಹೊರತಂದ, ಮುಂದೆ ಹಲವು ಬಾರಿ ಹೊಸ ಪೆಟ್ಟಿಗೆಗಳಲ್ಲಿ ಮಾರಾಟವಾದ ನ್ಯಾಟ್ ಮಾದರಿ ಒಂಟಿ ಆಸನದ ಯುದ್ಧವಿಮಾನದ್ದಲ್ಲ. ಅದು ಬ್ರಿಟಿಷ್ ವಾಯುಪಡೆ ೧೯೬೨ರಿಂದ ಬಳಸಿದ, ಎರಡು ಆಸನಗಳ ತರಬೇತಿ ವಿಮಾನದ ಮಾದರಿ. ‘ರೆಡ್ ಆರೋಸ್’ ಎಂಬ ಸಾಹಸ ಹಾರಾಟದ ತಂಡ ೧೯೭೯ರವರೆಗೆ ಹಾರಿಸುತ್ತಿದ್ದ ಕೆಂಪು ವಿಮಾನವೂ ಅದೇ. ಭಾರತೀಯ ವಾಯುಪಡೆ ಆ ತರಬೇತಿ ವಿಮಾನವನ್ನು ಬಳಸಲಿಲ್ಲ. ಎರಡೂ ‘ನ್ಯಾಟ್’ ಎಂಬ ಒಂದೇ ಹೆಸರಿನವಾದರೂ ಒಡಲಿನ ಉದ್ದ, ರೆಕ್ಕೆಯ ಹರವು, ಬಾಲದ ಎತ್ತರ, ರೆಕ್ಕೆಯ ಚಲಿಸುವ ಭಾಗಗಳು ಬೇರೆ ಬೇರೆ. ತರಬೇತಿ ವಿಮಾನದಲ್ಲಿ ಗಾಳಿಬಾಯಿಗಳ ಪಕ್ಕದ ಎರಡು ೩೦ ಮಿಲಿಮೀಟರ್ ಫಿರಂಗಿಗಳೂ ಇಲ್ಲ.

ಹೆಸರೊಂದೇ ಎಂಬ ಧೈರ್ಯದಿಂದ ಈ ಮಾದರಿಗೆ ಕೇಸರಿ, ಬಿಳಿ, ಹಸಿರಿನ ವೃತ್ತಚಿಹ್ನೆಯನ್ನು ಅಂಟಿಸಿ, ‘೧೯೭೧ರ ಶ್ರೀನಗರದ ವಿಮಾನ’ ಎಂದು ಚೀಟಿ ಬರೆದಿಟ್ಟರೆ ಏನಾಗುತ್ತದೆ? ನೋಡಿದ ಬಾಲಕನಿಗೆ ಒಂಟಿಯಾಗಿ ಮೇಲೇರಿದ ವೀರನ ಹಿಂದೆ ಖಾಲಿ ಆಸನವೊಂದು ಇದ್ದಂತೆ ತೋರುತ್ತದೆ. ಅವನು ಅದನ್ನೇ ನಿಜವೆಂದು ನಂಬುತ್ತಾನೆ. ಪಾಠಪುಸ್ತಕದ ತಪ್ಪನ್ನು ಮುಂದಿನ ಮುದ್ರಣದಲ್ಲಿ ತಿದ್ದಬಹುದು. ಗಾಜಿನ ಕಪಾಟಿನಲ್ಲಿ ಇಪ್ಪತ್ತು ವರ್ಷ ಕುಳಿತ ವಸ್ತುವನ್ನು ಯಾರೂ ಪ್ರಶ್ನಿಸುವುದಿಲ್ಲ. ಸೂಕ್ಷ್ಮ ವಿವರಗಳನ್ನು ಎಷ್ಟು ಅಂದವಾಗಿ ಸೇರಿಸಿದರೆ ತಪ್ಪು ಅಷ್ಟೇ ಬಲವಾಗಿ ನಂಬಿಕೆ ಗಳಿಸುತ್ತದೆ. ಕುಸುರಿ ಕೆಲಸ ಸತ್ಯವನ್ನು ತೊಡಿಸಿದರೆ ಆಭರಣ, ಸುಳ್ಳನ್ನು ತೊಡಿಸಿದರೆ ಮುಸುಕು.

ಲೆಕ್ಕ ಮೊದಲು, ಚಾಕು ಆಮೇಲೆ

ಆದ್ದರಿಂದ ಮೊದಲ ಕೆಲಸ ಅಳತೆ. ಒಂಟಿ ಆಸನದ ನ್ಯಾಟ್‌ನ ಉದ್ದ ೮.೭೪ ಮೀಟರ್, ರೆಕ್ಕೆಯ ಹರವು ೬.೭೩ ಮೀಟರ್. ೭೨ರಿಂದ ಭಾಗಿಸಿದರೆ ಮಾದರಿಯಲ್ಲಿ ಕ್ರಮವಾಗಿ ೧೨.೧ ಸೆಂಟಿಮೀಟರ್ ಮತ್ತು ೯.೩ ಸೆಂಟಿಮೀಟರ್ ಬರಬೇಕು. ತರಬೇತಿ ವಿಮಾನದ ಉದ್ದ ೯.೬೮ ಮೀಟರ್, ಹರವು ೭.೩೨ ಮೀಟರ್, ಮಾದರಿಯಲ್ಲಿ ೧೩.೪ ಮತ್ತು ೧೦.೨ ಸೆಂಟಿಮೀಟರ್. ಉದ್ದದಲ್ಲಿ ೧.೩ ಸೆಂಟಿಮೀಟರ್ ಹೆಚ್ಚು, ಹರವಿನಲ್ಲಿ ಸುಮಾರು ೦.೮ ಸೆಂಟಿಮೀಟರ್ ಹೆಚ್ಚು. ರೆಕ್ಕೆಯ ತುದಿಗಳನ್ನು ಕತ್ತರಿಸಿದ ಮಾತ್ರಕ್ಕೆ ಒಂದು ಇನ್ನೊಂದಾಗದು. ರೆಕ್ಕೆಯ ಅಗಲವೂ ಬೇರೆ.

ಅಳತೆಯ ಬಳಿಕ ಮೂರು ಮಾರ್ಗಗಳು ತೆರೆದಿರುತ್ತವೆ. ಪೆಟ್ಟಿಗೆಯಲ್ಲಿರುವುದನ್ನು ಇರುವಂತೆಯೇ ಜೋಡಿಸಿ, ‘ಬ್ರಿಟನ್ನಿನ ತರಬೇತಿ ನ್ಯಾಟ್; ಬೆಂಗಳೂರಿನಲ್ಲಿ ತಯಾರಾದ ಒಂಟಿ ಆಸನದ ನ್ಯಾಟ್‌ನ ಬಂಧು’ ಎಂದು ಚೀಟಿ ಬರೆಯುವುದು ಮೊದಲನೆಯದು. ಒಡಲನ್ನು ಕತ್ತರಿಸಿ ಕುಗ್ಗಿಸಿ, ರೆಕ್ಕೆ ಬಾಲಗಳನ್ನು ಹೊಸದಾಗಿ ಕೊಯ್ದು ಒಂಟಿ ಆಸನದ ರೂಪಕ್ಕೆ ಪರಿವರ್ತಿಸುವುದು ಎರಡನೆಯದು. ಇದು ಅನುಭವಿಯ ಕೆಲಸ, ಹಾಳೆಯ ಮೇಲೆ ಮೂರು ನೋಟಗಳ ನಕ್ಷೆ ಬರೆಯದೆ ಕೈಹಾಕಬಾರದು. ಒಂಟಿ ಆಸನದ ನ್ಯಾಟ್‌ನದೇ ಹೊಸ ಪೆಟ್ಟಿಗೆಯನ್ನು ಹುಡುಕಿ ತರುವುದು ಮೂರನೆಯದು. ಮೂರೂ ಗೌರವದ ಮಾರ್ಗಗಳೇ. ನಾಲ್ಕನೆಯದಾದ ಹುಸಿ ಮಾರ್ಗ ಮಾತ್ರ ವರ್ಜ್ಯ.

ವಿವರ ಎಷ್ಟು ಸೂಕ್ಷ್ಮವಾಗಿರಬೇಕೆಂಬುದನ್ನೂ ಲೆಕ್ಕವೇ ತಿಳಿಸುತ್ತದೆ. ಮಾದರಿಯ ಒಂದು ಮಿಲಿಮೀಟರ್ ನಿಜದಲ್ಲಿ ೭.೨ ಸೆಂಟಿಮೀಟರ್. ಹಳೆಯ ಮಾದರಿಗಳ ಮೈಮೇಲೆ ಉಬ್ಬಿ ನಿಂತ ಮೊಳೆಗಳನ್ನು, ತಗಡಿನ ಕೂಡುಗೆರೆಗಳನ್ನು ಕಾಣಬಹುದು. ಆ ಉಬ್ಬು ೦.೨ ಮಿಲಿಮೀಟರ್ ಇದ್ದರೂ ನಿಜದಲ್ಲಿ ೧೪ ಮಿಲಿಮೀಟರಿಗೂ ಹೆಚ್ಚಾಯಿತು. ಬಾಗಿಲ ಮೇಲಿನ ಗುಬಟು ಮೊಳೆಗಿಂತ ದಪ್ಪ. ಜೆಟ್ ವಿಮಾನದ ಮೈಯಲ್ಲಿ ಮೊಳೆಯ ತಲೆ ತಗಡಿನ ಸಮಕ್ಕೆ ಕುಳಿತಿರುತ್ತದೆ. ರೆಕ್ಕೆಯ ಹಿನ್ನಂಚು ಅರ್ಧ ಮಿಲಿಮೀಟರ್ ದಪ್ಪವಿದ್ದರೆ ನಿಜದಲ್ಲಿ ೩.೬ ಸೆಂಟಿಮೀಟರಿನ ಹಲಗೆಯಾಯಿತು. ಇವೆರಡನ್ನೂ ತಿದ್ದದೆ ಒಳಗಿನ ಆಸನಕ್ಕೆ ಪಟ್ಟಿ ಕಟ್ಟುವುದು, ಗೋಡೆ ಸೊಟ್ಟಗಿರುವ ಮನೆಗೆ ರಂಗವಲ್ಲಿ ಇಟ್ಟಂತೆ.

ಕಣ್ಣಿನ ಮಿತಿಯೂ ಲೆಕ್ಕಕ್ಕೆ ಸಿಗುತ್ತದೆ. ಮಾದರಿಯನ್ನು ೩೦ ಸೆಂಟಿಮೀಟರ್ ದೂರದಿಂದ ನೋಡುವುದು ನಿಜವಾದ ವಿಮಾನವನ್ನು ೨೧.೬ ಮೀಟರ್ ದೂರದಿಂದ ನೋಡಿದಂತೆ. ಆರೋಗ್ಯವಂತ ಕಣ್ಣು ಸಾಮಾನ್ಯವಾಗಿ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಕೋನದ ಅಂತರವನ್ನು ಬೇರ್ಪಡಿಸಿ ಗುರುತಿಸಬಲ್ಲದು. ೨೧.೬ ಮೀಟರ್ ದೂರದಲ್ಲಿ ಅದು ಸುಮಾರು ೬ ಮಿಲಿಮೀಟರ್. ಮಾದರಿಯ ಮೇಲೆ ೦.೦೯ ಮಿಲಿಮೀಟರ್, ಎಂದರೆ ಹೆಚ್ಚುಕಡಿಮೆ ತಲೆಗೂದಲಿನ ದಪ್ಪ. ಕೂದಲೆಳೆಗಿಂತ ಸಣ್ಣದನ್ನು ಮಾಡಲು ಹೆಣಗುವ ಅಗತ್ಯವಿಲ್ಲ. ಕೂದಲೆಳೆಗಿಂತ ಎಷ್ಟೋ ಪಟ್ಟು ದಪ್ಪವಾದದ್ದನ್ನು ಸಹಿಸುವುದೂ ಸಲ್ಲದು.

ಕೆಲಸದ ಕ್ರಮ

ಉಪಕರಣಗಳು ಹೆಚ್ಚಿಲ್ಲ: ಹರಿತವಾದ ಸಣ್ಣ ಚಾಕು, ನುಣುಪಾದ ಅರ, ನೀರಿನಲ್ಲಿ ನೆನೆಸಿ ಬಳಸುವ ಉಪ್ಪುಕಾಗದ, ಚಿಮಟ, ಹಿಡಿಗೆ ಸಿಕ್ಕಿಸಿದ ಸೂಜಿ, ಎರಡು ಮೂರು ಕುಂಚ. ಅರೆಯುವಾಗ ನೀರು ಹಚ್ಚಿದರೆ ಪ್ಲಾಸ್ಟಿಕ್ಕಿನ ಧೂಳು ಮೂಗಿಗೆ ಹೋಗುವುದಿಲ್ಲ. ಪಾಲಿಸ್ಟೈರೀನ್‌ಗೆ ಬಳಸುವ ಅಂಟು ಗೋಂದಿನಂತೆ ಎರಡು ಮೈಗಳ ನಡುವೆ ನಿಲ್ಲುವುದಿಲ್ಲ. ಅದು ಪ್ಲಾಸ್ಟಿಕ್ಕನ್ನೇ ತುಸು ಕರಗಿಸಿ ಬೆಸೆಯುತ್ತದೆ. ಆದ್ದರಿಂದ ಹೆಚ್ಚಾದರೆ ಮಾದರಿಯ ಮೈ ಕರಗಿ ಕೆಡುತ್ತದೆ. ಅದರ ಆವಿ ಬೇಗ ಹೊತ್ತಿಕೊಳ್ಳುವಂಥದು, ಉಸಿರಿಗೂ ಒಳ್ಳೆಯದಲ್ಲ. ಕಿಟಕಿ ತೆರೆದ ಕೋಣೆಯಲ್ಲಿ, ದೀಪದಿಂದ ದೂರದಲ್ಲಿ, ಅಧ್ಯಾಪಕರ ಕಣ್ಣೆದುರಿನಲ್ಲಿಯೇ ಈ ಕೆಲಸ ನಡೆಯಬೇಕು.

ಮೊದಲನೆಯದಾಗಿ, ಹಳೆಯ ಭಾಗಗಳ ಆರೈಕೆ. ಭಾಗಗಳನ್ನು ಸಾಬೂನಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡು ಉಳಿದಿದ್ದರೆ ಬಣ್ಣ ಹಿಡಿಯದು. ಸೊಟ್ಟಗಾದ ರೆಕ್ಕೆಯನ್ನು ಬಿಸಿನೀರಿನಲ್ಲಿ ಅದ್ದಿ ಮೆಲ್ಲನೆ ನೇರ ಮಾಡಬಹುದು. ನೀರು ಕುದಿಯುತ್ತಿರಬಾರದು, ಸುಮಾರು ೧೦೦ ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಪ್ಲಾಸ್ಟಿಕ್ ಮೆತ್ತಗಾಗಿ ಆಕಾರ ಕಳೆದುಕೊಳ್ಳುತ್ತದೆ.

ಎರಡನೆಯದಾಗಿ, ಮೈಯ ಸಂಸ್ಕಾರ. ಉಬ್ಬುಗೆರೆಗಳ ಸ್ಥಾನವನ್ನು ಪೆನ್ಸಿಲಿನಿಂದ ಕಾಗದದ ಮೇಲೆ ಗುರುತಿಸಿಕೊಂಡು ಉಪ್ಪುಕಾಗದದಿಂದ ಅವನ್ನು ಅಳಿಸಬೇಕು. ಬಳಿಕ ಗಟ್ಟಿ ಪಟ್ಟಿಯೊಂದನ್ನು ಆಸರೆಯಾಗಿ ಅಂಟಿಸಿ, ಸೂಜಿಯ ಮೊನೆಯಿಂದ ಹಗುರವಾಗಿ ಎರಡು ಮೂರು ಸಲ ಎಳೆದರೆ ತೆಳುವಾದ ತಗ್ಗುಗೆರೆ ಮೂಡುತ್ತದೆ. ಒಂದೇ ಎಳೆತದಲ್ಲಿ ಆಳಕ್ಕೆ ಇಳಿಸಲು ಹೋದರೆ ಸೂಜಿ ಜಾರುತ್ತದೆ. ರೆಕ್ಕೆಯ ಎರಡು ಹೋಳುಗಳನ್ನು ಅಂಟಿಸುವ ಮುನ್ನವೇ ಹಿನ್ನಂಚನ್ನು ಒಳಮೈಯಿಂದ ಅರೆದು ತೆಳುವಾಗಿಸಬೇಕು. ಅಂಟಿಸಿದ ಮೇಲೆ ಹೊರಮೈಯಿಂದ ಅರೆದರೆ ಬಾಗು ಕೆಡುತ್ತದೆ.

ಮೂರನೆಯದಾಗಿ, ಗಾಳಿಬಾಯಿ ಮತ್ತು ಜೆಟ್ ಕೊಳವೆ. ನ್ಯಾಟ್‌ನ ಒಡಲಿನ ಎರಡು ಪಕ್ಕದ ಬಾಯಿಗಳಿಂದ ಒಳಹೊಕ್ಕ ಗಾಳಿ ಆರ್ಫಿಯಸ್ ಎಂಜಿನ್ನನ್ನು ಸೇರುತ್ತದೆ. ಮಾರುತದಲ್ಲಿಯೂ ಇದೇ ಕುಲದ ಎಂಜಿನ್ನುಗಳು ಎರಡು ಇದ್ದವು. ಹಳೆಯ ಮಾದರಿಯಲ್ಲಿ ಬಾಯಿಯ ತುಟಿ ದಪ್ಪ, ಒಳಗೆ ಆಳವಿಲ್ಲ. ತುಟಿಯನ್ನು ಒಳಗಿನಿಂದ ಕೆರೆದು ತೆಳುವಾಗಿಸಿ, ಒಳಗೆ ತೆಳುಹಾಳೆಯನ್ನು ಬಾಗಿಸಿ ಕೂರಿಸಿದರೆ ಗಾಳಿ ಸಾಗುವ ದಾರಿ ಕಾಣುತ್ತದೆ. ಹಿಂದಿನ ಕೊಳವೆಗೂ ಇದೇ ಉಪಚಾರ. ವಿಮಾನ ಯಂತ್ರವೆಂಬುದನ್ನು ನೋಡುವವನಿಗೆ ಮನಗಾಣಿಸುವುದು ಈ ಎರಡು ರಂಧ್ರಗಳೇ.

ನಾಲ್ಕನೆಯದಾಗಿ, ಚಾಲಕನ ಕೋಣೆ. ಹಳೆಯ ಪೆಟ್ಟಿಗೆಗಳಲ್ಲಿ ಆಸನ ಸರಳ, ಗಡಿಯಾರಗಳ ಫಲಕ ಬರಿಯ ಹಲಗೆ. ಸುಮಾರು ೪೫ ಮಿಲಿಮೀಟರ್ ಅಗಲದ ಭುಜಪಟ್ಟಿ ಮಾದರಿಯಲ್ಲಿ ೦.೬ ಮಿಲಿಮೀಟರ್, ಸಿಗರೇಟು ಪೊಟ್ಟಣದೊಳಗಿನ ಬೆಳ್ಳಿಕಾಗದವನ್ನೋ ತೆಳು ಕಾಗದವನ್ನೋ ಆ ಅಗಲಕ್ಕೆ ಕೊಯ್ದು ಅಂಟಿಸಬಹುದು. ಹಿಡಿಕೋಲು, ಗುಂಡಿಗಳು, ತಂತಿಗಳಿಗೆ ಪೆಟ್ಟಿಗೆಯಲ್ಲಿಯೇ ವಸ್ತುವುಂಟು. ಭಾಗಗಳನ್ನು ಹಿಡಿದಿಟ್ಟ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದ ಬತ್ತಿಯ ಉರಿಯ ಮೇಲೆ, ಉರಿ ತಾಗದಂತೆ ತಿರುಗಿಸುತ್ತ ಮೆತ್ತಗಾಗಿಸಿ, ಪಕ್ಕಕ್ಕೆ ತಂದು ಎರಡು ತುದಿಗಳನ್ನು ಹಿಡಿದೆಳೆದರೆ ಕೂದಲಿನಂತಹ ಎಳೆ ಬರುತ್ತದೆ. ಬೇಗ ಎಳೆದರೆ ತೆಳ್ಳಗೆ, ನಿಧಾನವಾಗಿ ಎಳೆದರೆ ದಪ್ಪ. ಬಿಸಾಡುವ ಕಡ್ಡಿಯೇ ವಿಮಾನದ ನರನಾಡಿಯಾಗುತ್ತದೆ.

ಐದನೆಯದಾಗಿ, ತೂಕ. ಮೂರು ಚಕ್ರದ ವಿಮಾನದ ಮಾದರಿಗಳು ಮೂತಿ ಹಗುರವಾಗಿದ್ದರೆ ಬಾಲದ ಮೇಲೆ ಕುಳಿತುಬಿಡುತ್ತವೆ. ಒಡಲನ್ನು ಮುಚ್ಚುವ ಮೊದಲೇ ಮೂತಿಯೊಳಗೆ ಸಣ್ಣ ಕಬ್ಬಿಣದ ಗುಂಡನ್ನೋ ನಟ್ಟನ್ನೋ ಅಂಟಿಸಬೇಕು. ಮುಖ್ಯ ಚಕ್ರಗಳ ಮೇಲೆ ಊರಿಟ್ಟು ನೋಡಿ ತೂಕವನ್ನು ನಿಶ್ಚಯಿಸಬಹುದು. ಸನ್ನೆಗೋಲಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಬೇಕಿಲ್ಲ. ಚಕ್ರದ ತಳವನ್ನು ತುಸು ಚಪ್ಪಟೆಯಾಗಿ ಅರೆದರೆ ಭಾರ ಹೊತ್ತ ಟೈರಿನಂತೆ ತೋರುತ್ತದೆ. ಸುಟ್ಟುಹೋದ ವಿದ್ಯುತ್ ತಂತಿಯೊಳಗಿನ ತಾಮ್ರದ ಒಂದೆಳೆ ಬ್ರೇಕಿನ ಕೊಳವೆಯಾಗುತ್ತದೆ. ನ್ಯಾಟ್‌ನಲ್ಲಿ ಚಕ್ರಗಳು ರೆಕ್ಕೆಯೊಳಕ್ಕಲ್ಲ, ಒಡಲಿನೊಳಕ್ಕೆ ಮಡಚಿಕೊಳ್ಳುತ್ತವೆ. ಚಕ್ರದ ಕದಗಳನ್ನು ಅರ್ಧ ಇಳಿಸಿದರೆ ಅವೇ ಗಾಳಿತಡೆಗಳಾಗಿ ವೇಗ ತಗ್ಗಿಸುತ್ತಿದ್ದವು. ಇದನ್ನು ತಿಳಿದವನು ಕದಗಳ ಕೋನವನ್ನು ಮನಬಂದಂತೆ ಅಂಟಿಸಲಾರ.

ಆರನೆಯದಾಗಿ, ಬಣ್ಣ. ೦.೦೫ ಮಿಲಿಮೀಟರ್ ದಪ್ಪದ ಬಣ್ಣದ ಪದರ ನಿಜದಲ್ಲಿ ೩.೬ ಮಿಲಿಮೀಟರಿನ ಗಾರೆ. ತೆಳುವಾಗಿ, ಒಣಗಲು ಬಿಟ್ಟು, ಎರಡು ಮೂರು ಸಲ ಬಳಿಯಬೇಕು. ದೂರದ ಬಣ್ಣ ಗಾಳಿಯ ತೆರೆಯಲ್ಲಿ ಮಾಸಿ ಕಾಣುವುದರಿಂದ ಕಪ್ಪಿಗೆ ಬದಲು ಕಡು ಬೂದು, ಅಚ್ಚ ಬಣ್ಣಕ್ಕೆ ತುಸು ಬಿಳುಪು ಸೇರಿಸುವುದು ರೂಢಿ. ಹಳೆಯ ಪೆಟ್ಟಿಗೆಯ ಅಂಟುಚಿತ್ರಗಳು ಹಳದಿಗಟ್ಟಿದ್ದರೆ ಕಿಟಕಿಯ ಗಾಜಿಗೆ ಅಂಟಿಸಿ ಕೆಲವು ದಿನ ಬಿಸಿಲು ತೋರಿಸಬಹುದು. ನೀರಿನಲ್ಲಿ ಚೂರಾಗದಂತೆ ಮೊದಲು ತೆಳು ವಾರ್ನಿಷ್ ಹಚ್ಚಬೇಕು.

ನೆರೆಯ ಶಿಲ್ಪಿಗಳ ಪಾಠ

ಸೂಕ್ಷ್ಮಕ್ಕೆ ಮಿತಿಯೆಲ್ಲಿ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ೧೧೯೬ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವಿದೆ. ಶಿಲ್ಪಿ ಮಲ್ಲಿತಮ್ಮನ ಹೆಸರು ಅದರೊಡನೆ ಸೇರಿಕೊಂಡಿದೆ. ಆ ಗೋಡೆಗಳ ಮೇಲೆ ಗೋಪುರಗಳ ಚಿಕ್ಕ ಪ್ರತಿರೂಪಗಳನ್ನು ಕೆತ್ತಿದ್ದಾರೆ. ಅವು ಕಲ್ಲಿನಲ್ಲಿ ಮಾಡಿದ ಮಾದರಿಗಳೇ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಸೂಕ್ಷ್ಮ ಕೆತ್ತನೆಗೆ ಒದಗುತ್ತದೆ, ಗಾಳಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಕಲ್ಲು ಒಪ್ಪುತ್ತದೆಂದು ಶಿಲ್ಪಿ ಕಂಡಕಂಡಲ್ಲಿ ಉಳಿಯಾಡಿಸಲಿಲ್ಲ. ಕಿರುಗೋಪುರದಲ್ಲಿ ಅಂತಸ್ತುಗಳ ಇಳಿಕೆ, ತಲೆಯ ಬಾಗು ಮೊದಲು ಸರಿಯಾಗಿ ಬರುತ್ತವೆ, ಹೂಬಳ್ಳಿ ಆಮೇಲಿನದು. ದೂರ ನಿಂತವನಿಗೆ ರೂಪ, ಬಳಿ ಬಂದವನಿಗೆ ಕುಸುರಿ. ಮಾದರಿ ಮಾಡುವವನಿಗೂ ಈ ಕ್ರಮ ಸಾಕು: ಪ್ರಮಾಣ, ಬಾಹ್ಯರೇಖೆ, ಮೈ, ಬಳಿಕ ವಿವರ.

ಒಂದು ಭಾಗದಲ್ಲಿ ಅತಿ ವಿವರ, ಮತ್ತೊಂದರಲ್ಲಿ ಶೂನ್ಯ ಎಂಬಂತಾಗಬಾರದೆಂಬುದು ಇನ್ನೊಂದು ಎಚ್ಚರಿಕೆ. ಮುಚ್ಚಿದ ಬಾಗಿಲಿನ ಹಿಂದೆ ಯಾರಿಗೂ ಕಾಣದ ಯಂತ್ರವನ್ನು ಕಟ್ಟುತ್ತ ಕುಳಿತು, ಕಣ್ಣಿಗೆ ರಾಚುವ ರೆಕ್ಕೆಯ ಬಿರುಕನ್ನು ಬಿಟ್ಟರೆ ಶ್ರಮ ವ್ಯರ್ಥ. ಖಚಿತವಾಗಿ ತಿಳಿಯದ ವಿವರವನ್ನು ಊಹಿಸಿ ಸೇರಿಸುವುದಕ್ಕಿಂತ ಆ ಜಾಗವನ್ನು ಸರಳವಾಗಿ ಬಿಡುವುದು ಮೇಲು. ಬಿಟ್ಟದ್ದು ಅಪೂರ್ಣ ಮಾತ್ರ. ಊಹಿಸಿ ಸೇರಿಸಿದ್ದು ಅಸತ್ಯವಾಗಬಹುದು.

ಶಾಲೆಗೆ ಇದರ ಪ್ರಯೋಜನ

ಬೆಂಗಳೂರಿನಲ್ಲಿ ೨೦೦೧ರಲ್ಲಿ ಆರಂಭವಾದ ಎಚ್‌ಎಎಲ್ ಪರಂಪರಾ ಕೇಂದ್ರ ಮತ್ತು ವೈಮಾನಿಕ ಸಂಗ್ರಹಾಲಯದಲ್ಲಿ ಆ ಕಾರ್ಖಾನೆಯ ವಿಮಾನಗಳನ್ನು ಹತ್ತಿರದಿಂದ ನೋಡಬಹುದು. ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡು ೧೯೫೧ರಲ್ಲಿ ಹಾರಿದ ಎಚ್‌ಟಿ-೨ ತರಬೇತಿ ವಿಮಾನ, ೧೯೬೪ರಲ್ಲಿ ಹಾರಿದ ಕಿರಣ್, ಮಾರುತ, ಅಜೀತ್ ಮುಂತಾದುವು ಕರ್ನಾಟಕದ ಕೈಗಾರಿಕೆಯ ಇತಿಹಾಸದ ಪುಟಗಳು. ಪ್ರವಾಸಕ್ಕೆ ಹೋದ ವಿದ್ಯಾರ್ಥಿಗಳು ಬರಿಯ ನೋಟಕರಾಗಿ ಸುತ್ತಿ ಬರುವುದಕ್ಕಿಂತ, ಕೈಯಲ್ಲಿ ನಕ್ಷೆಯ ಹಾಳೆ ಹಿಡಿದು, ‘ಚಕ್ರದ ಕದ ಯಾವ ಕಡೆ ತೆರೆಯುತ್ತದೆ? ಗಾಳಿಬಾಯಿಯ ತುಟಿ ಎಷ್ಟು ತೆಳು?’ ಎಂದು ಗುರುತು ಹಾಕಿಕೊಂಡು ಬಂದರೆ ಆ ನೋಟ ಅಧ್ಯಯನವಾಗುತ್ತದೆ. ಮಾದರಿ ಮಾಡಬೇಕಾದವನು ನೋಡುವ ರೀತಿಯೇ ಬೇರೆ.

ದಾನಿಗಳ ಗಮನಕ್ಕೂ ಒಂದು ಮಾತು ಸಲ್ಲುತ್ತದೆ. ಸಿದ್ಧವಾದ ಹೊಳೆಯುವ ಮಾದರಿಯೊಂದನ್ನು ಕೊಂಡು ಕಪಾಟಿಗೆ ಕೊಡುವುದು ಸುಲಭ. ಅದರಿಂದ ಕಪಾಟು ತುಂಬುತ್ತದೆ. ಕೆಲವು ಉಪಕರಣಗಳು, ಒಳ್ಳೆಯ ಬೆಳಕಿರುವ ಒಂದು ಮೇಜು, ನಂಬಬಹುದಾದ ಅಳತೆಯ ನಕ್ಷೆಗಳು, ಮನೆಯ ಅಟ್ಟದಲ್ಲಿ ಉಳಿದುಹೋದ ಹಳೆಯ ಪೆಟ್ಟಿಗೆಗಳು ಶಾಲೆಗೆ ಬಂದರೆ ಮಕ್ಕಳ ಕೈ ತುಂಬುತ್ತದೆ. ಮುರಿದ ಭಾಗವುಳ್ಳ ಹಳೆಯ ಪೆಟ್ಟಿಗೆ ಈ ಕೆಲಸಕ್ಕೆ ಹೊಸದಕ್ಕಿಂತ ಹೆಚ್ಚು ಒದಗುತ್ತದೆ. ಕೆಟ್ಟರೆ ಕೆಡಲಿ ಎಂಬ ಧೈರ್ಯದಿಂದ ಕಲಿಯುವವನು ಚಾಕು ಹಿಡಿಯಬಲ್ಲ.

ಕೊನೆಯದಾಗಿ ಚೀಟಿಯ ವಿಷಯ. ಮಾದರಿಯ ಕೆಳಗೆ ಇಡುವ ಚೀಟಿಯಲ್ಲಿ ವಿಮಾನದ ಹೆಸರು, ಅದನ್ನು ಬಳಸಿದ ದೇಶ, ಕಾಲ, ಪ್ರಮಾಣ ಇಷ್ಟನ್ನು ಬರೆಯುವುದು ವಾಡಿಕೆ. ಇದರೊಡನೆ ಇನ್ನೆರಡು ಸಾಲುಗಳಿರಲಿ: ‘ಪೆಟ್ಟಿಗೆಯ ರೂಪದಲ್ಲಿ ತಿದ್ದಿದ್ದು’ ಎಂದೊಂದು, ‘ನಿಜಕ್ಕಿಂತ ಬೇರೆಯಾಗಿ ಉಳಿದದ್ದು’ ಎಂದೊಂದು. ಉಪಮೆಯಲ್ಲಿ ‘ಅಂತೆ’ ಎಂಬ ವಾಚಕ ಮಾಡುವ ಕೆಲಸವನ್ನು ಇಲ್ಲಿ ಈ ಚೀಟಿ ಮಾಡುತ್ತದೆ. ‘ಇದೇ ವಿಮಾನ’ ಎಂದು ಅದು ಸಾರುವುದಿಲ್ಲ. ‘ಇಂತಿಂಥ ವಿಷಯದಲ್ಲಿ ಆ ವಿಮಾನದಂತೆ’ ಎಂದು ಹೇಳುತ್ತದೆ. ಹದಿಮೂರು ಸೆಂಟಿಮೀಟರಿನ ಪ್ಲಾಸ್ಟಿಕ್ ವಸ್ತುವಿನ ಬಗೆಗೆ ಇಷ್ಟು ನಿಖರವಾಗಿ ಎರಡು ಸಾಲು ಬರೆಯಲು ಕಲಿತ ವಿದ್ಯಾರ್ಥಿ, ಮುಂದೆ ಕಾರ್ಖಾನೆಯ ತಪಾಸಣಾ ಪುಸ್ತಕದಲ್ಲಾಗಲಿ ಆಸ್ಪತ್ರೆಯ ದಾಖಲೆಯಲ್ಲಾಗಲಿ ಲೆಕ್ಕಪತ್ರದಲ್ಲಾಗಲಿ ಇಲ್ಲದ್ದನ್ನು ಇದೆಯೆಂದು ಬರೆಯಲು ಹಿಂಜರಿಯುತ್ತಾನೆ. ಶಾಲೆಯೊಂದು ಮೇಜು, ಅರ, ಸೂಜಿಗಳಿಗಾಗಿ ಮಾಡುವ ವೆಚ್ಚಕ್ಕೆ ಅಷ್ಟು ಫಲ ಸಾಕು.